ಹನ್ನೆರಡು ಕುರ್ಚಿಗಳಲ್ಲಿ ಒಂದು

ಕ್ರಿಸ್ಮಸ್ ಎಂದರೇನೆಂದು ಪಕ್ಕದ ಮನೆಯ ಅಕ್ಕನಿಗೆ ನಾನು ಯಾವತ್ತೂ ವಿವರಿಸಬೇಕಾಗಿ ಬಂದಿಲ್ಲ. ಗೋದಲಿ, ನಕ್ಷತ್ರದ ಗೂಡು, ಬೇಲಿಯ ಮೇಲಿನಿಂದ ದಾಟಿಸುವ ಕುಸ್ವಾರ್ ಎಂಬ ಹಬ್ಬದ ತಿಂಡಿಗಳ ತಟ್ಟೆ, ಇಷ್ಟರಲ್ಲೇ ಅವರಿಗೆ ಎಲ್ಲ ತಿಳಿಯುತ್ತದೆ. ಈಸ್ಟರ್ ಹಾಗಲ್ಲ. ಅವರು ತುಳುವರು, ಮೂವತ್ತು ವರ್ಷದಿಂದ ನಮ್ಮ ನೆರೆಯವರು. ಆದರೂ ಪ್ರತಿ ವರ್ಷ ಆ ಶುಕ್ರವಾರ ಬೆಳಿಗ್ಗೆ ಬಟ್ಟೆ ಒಣಗಿಸುತ್ತಾ ಒಂದು ಮಾತು ಕೂಗುತ್ತಾರೆ.

"ಹ್ಯಾಪಿ ಗುಡ್ ಫ್ರೈಡೆ ಬಾಯಮ್ಮ!"

"ಅಕ್ಕಾ, ಇವತ್ತು ಹ್ಯಾಪಿ ಹೇಳ್ಲಿಕ್ಕಿಲ್ಲ. ಇವತ್ತು ಸತ್ತದ್ದು."

"ಅಯ್ಯೋ ಹೌದಲ್ಲ ಮಾರಾಯ್ತಿ, ಪ್ರತಿ ಸಲ ಮರೆತು ಹೋಗ್ತದೆ ನನಗೆ. ಹಾಗಾದ್ರೆ ಮೊಟ್ಟೆ ಹಬ್ಬ ಆದಿತ್ಯವಾರ ಅಲ್ವಾ? ಆ ದಿನ ಎಂತ ಆದದ್ದು?"

"ಎದ್ದದ್ದು."

"ಎದ್ದು ಮತ್ತೆ ಎಂತ ಮಾಡಿದ್ರು?"

ಇದಕ್ಕೆ ನಾನು ಏನೋ ಹೇಳಿ ಒಳಗೆ ಬರುತ್ತೇನೆ. ಎದ್ದ ಮೇಲೆ ಏನೆಂದು ಕೇಳುವವರು ನಮ್ಮಲ್ಲಿ ಕಡಿಮೆ. ಮೊಬೈಲಿನಲ್ಲಿ ಹಳದಿ ಮರಿಕೋಳಿಯ ಚಿತ್ರ ಬರುತ್ತದೆ, ಬೇಕರಿಯಿಂದ ಸಕ್ಕರೆಯ ಹೂ ಅಂಟಿಸಿದ ಮಾರ್ಜಿಪಾನ್ ಮೊಟ್ಟೆ ಬರುತ್ತದೆ, ಮಧ್ಯಾಹ್ನ ಇಡ್ಲಿಯಂಥ ಸಾನ್ನ ಮತ್ತು ಹಂದಿ ಮಾಂಸ. ಸೋಮವಾರ ಎಲ್ಲರೂ ಕೆಲಸಕ್ಕೆ. ನನಗೆ ಮಾತ್ರ ಒಂಬತ್ತು ವರ್ಷದಿಂದ ಆ ವಾರ ಬಂತೆಂದರೆ ಎದೆಯ ಮೇಲೆ ಯಾರೋ ಅರೆಯುವ ಕಲ್ಲು ಇಟ್ಟ ಹಾಗೆ. ನನ್ನ ತಮ್ಮನ ಬಗ್ಗೆ ನಾನೊಂದು ಸುಳ್ಳು ಹೇಳಿದ್ದೆ. ಅದನ್ನು ಅವನಿಗೆ ಹೇಳಿರಲಿಲ್ಲ.

ನಾನು ಕಲಿತದ್ದು ಐದನೆಯ ತರಗತಿಯವರೆಗೆ. ಮನೆಯ ಮಾತು ಕೊಂಕಣಿ, ಅಕ್ಷರ ಕಲಿತದ್ದು ಇಗರ್ಜಿಯ, ಅಂದರೆ ಚರ್ಚಿನ, ಪಕ್ಕದ ಕನ್ನಡ ಶಾಲೆಯಲ್ಲಿ. ಆಮೇಲೆ ಹೊಲಿಗೆಯ ಮಷಿನಿನ ಮುಂದೆ ಕುಳಿತವಳು ಇನ್ನೂ ಕುಳಿತೇ ಇದ್ದೇನೆ. ರವಿಕೆ, ಯೂನಿಫಾರ್ಮು, ಮೊದಲ ಪರಮಪ್ರಸಾದ ತೆಗೆದುಕೊಳ್ಳುವ ಮಕ್ಕಳ ಬಿಳಿ ಫ್ರಾಕು. ಹಂಚಿನ ಕಾರ್ಖಾನೆಯಲ್ಲಿದ್ದ ಅಪ್ಪ ನಾವು ಚಿಕ್ಕವರಿರುವಾಗಲೇ ಹೋದರು, ಅಮ್ಮ ಹೋಗಿ ಹತ್ತು ವರ್ಷವಾಯಿತು. ಕುಲಶೇಖರದ ಈ ಮನೆಯಲ್ಲಿ ಉಳಿದದ್ದು ನಾನು ಮತ್ತು ನನಗಿಂತ ಆರು ವರ್ಷ ಚಿಕ್ಕ ತಮ್ಮ. ಅಕ್ಕನಿಗೆ ನಮ್ಮ ಮನೆಯಲ್ಲಿ ಬಾಯ್ ಎನ್ನುವುದು ವಾಡಿಕೆ. ಮಾತು ಕಲಿತಾಗ ಅವನು ಹೇಳಿದ ಮೊದಲ ಪದ ಅದೇ ಎಂದು ಅಮ್ಮ ಹೇಳುತ್ತಿದ್ದರು.

ಅವನು ಪಣಂಬೂರಿನ ಬಂದರಿನ ಕಡೆ ಲಾರಿಗಳಿಗೆ ಟರ್ಪಾಲು ಕಟ್ಟುವ ಕೆಲಸ ಮಾಡುತ್ತಾನೆ. ರಸಗೊಬ್ಬರ ತುಂಬಿದ ಲಾರಿಯ ಮೇಲೆ ಹತ್ತಿ, ಟರ್ಪಾಲು ಹಾಸಿ, ಹಗ್ಗ ಎಳೆದು ಗಂಟು ಹಾಕುವುದು. ಮೊದಲು ಬಹಳ ಕುಡಿಯುತ್ತಿದ್ದ. ಒಂದು ಮದುವೆಯ ರೋಸ್‌ನಲ್ಲಿ, ಮದುಮಗಳಿಗೆ ತೆಂಗಿನ ಹಾಲು ಹಚ್ಚುವ ಹೊತ್ತಿಗೆ, ಚಪ್ಪರದ ಕಂಬ ಹಿಡಿದುಕೊಂಡೇ ಬಿದ್ದ. ಕಂಬವೂ ಅವನೊಟ್ಟಿಗೆ ಬಿತ್ತು. ಜನ ನಕ್ಕರು. ಬಿದ್ದವನನ್ನು ಎತ್ತಿ ರಿಕ್ಷಾಕ್ಕೆ ಹಾಕಿದವನು ಅವನ ಗೆಳೆಯ, ನಮ್ಮದೇ ಓಣಿಯ ಕೊನೆಯ ಮನೆಯವನು. ಇಬ್ಬರೂ ಶಾಲೆಗೆ ಒಟ್ಟಿಗೆ ಹೋದವರು, ಒಟ್ಟಿಗೆ ಕುಡಿಯಲು ಕಲಿತವರು. ಅಮ್ಮ ತೀರಿಕೊಂಡ ಮೇಲೆ ಇಬ್ಬರೂ ಒಂದೇ ದಿನ ಬಿಟ್ಟರು. ನನ್ನ ತಮ್ಮ ಆರು ತಿಂಗಳು ಒಂದು ಹನಿ ಮುಟ್ಟಲಿಲ್ಲ. ಸಂಜೆ ಮನೆಗೆ ಬಂದು, ಏನು ಮಾಡಬೇಕೆಂದು ತಿಳಿಯದೆ, ಬಾವಿಯ ಸುತ್ತ ಗುಡಿಸುತ್ತಿದ್ದ. ಗುಡಿಸಿದಲ್ಲೇ ಮತ್ತೆ ಗುಡಿಸುತ್ತಿದ್ದ.

ಆ ವರ್ಷ ಈಸ್ಟರಿಗೆ ಮುಂಚಿನ ನಲವತ್ತು ದಿನದ ತಪಸ್ಸುಕಾಲದಲ್ಲಿ ನಮ್ಮ ವಾರ್ಡಿನ ಗುರ್ಕಾರರು ಮನೆಗೆ ಬಂದರು. ಇಗರ್ಜಿಗೂ ವಾರ್ಡಿನ ಮನೆಗಳಿಗೂ ನಡುವೆ ಓಡಾಡುವ ಮುಖಂಡನಿಗೆ ಗುರ್ಕಾರ್ ಎನ್ನುತ್ತಾರೆ. ಈಸ್ಟರಿನ ಮುಂಚಿನ ಗುರುವಾರ ಸಂಜೆ ಪಾದ್ರಿಗಳು ಹನ್ನೆರಡು ಜನರ ಕಾಲು ತೊಳೆಯುತ್ತಾರೆ, ಕೊನೆಯ ಊಟದ ದಿನ ಯೇಸು ತನ್ನ ಶಿಷ್ಯರ ಕಾಲು ತೊಳೆದ ನೆನಪಿಗೆ. ಪೀಠದ ಎದುರು ಹನ್ನೆರಡು ಕುರ್ಚಿ ಇಡುತ್ತಾರೆ, ವಾರ್ಡಿಗೆ ಒಬ್ಬರು. ಆಗ ಗಂಡಸರಿಗೆ ಮಾತ್ರ. ನಮ್ಮ ವಾರ್ಡಿನ ಕುರ್ಚಿಗೆ ಗುರ್ಕಾರರು ನನ್ನ ತಮ್ಮನನ್ನು ಕರೆದರು.

ಅವನ ಮುಖ ಕೆಂಪಾಯಿತು. "ನನ್ನನ್ನಾ? ನನ್ನ ಕಾಲಾ?" ಎಂದ.

"ನಿನ್ನದೇ. ಎಷ್ಟು ಕಾಲು ಉಂಟು ನಿನಗೆ?"

ಮಾರನೆಯ ದಿನದಿಂದ ಸಂಜೆ ಬಾವಿ ಕಟ್ಟೆಯ ಹತ್ತಿರ ಬಕೆಟಿನಲ್ಲಿ ಉಪ್ಪುನೀರು, ಅದರಲ್ಲಿ ಅವನ ಕಾಲು. ಲಾರಿಯ ಬಿಸಿ ತಗಡಿನ ಮೇಲೆ ನಿಂತು ನಿಂತು ಹಿಮ್ಮಡಿ ಒಡೆದು ಹೋಗಿತ್ತು. ತೆಂಗಿನ ನಾರಿನಲ್ಲಿ ಉಜ್ಜುತ್ತಿದ್ದ, ಎಣ್ಣೆ ಹಚ್ಚುತ್ತಿದ್ದ.

"ಬಲಗಾಲು ಮಾತ್ರ ತೊಳೆಯೋದು, ಗೊತ್ತುಂಟಲ್ಲ?" ಎಂದೆ.

"ಇನ್ನೊಂದಕ್ಕೆ ಬೇಜಾರಾಗ್ಬಾರ್ದಲ್ಲ ಬಾಯ್. ಮತ್ತೆ ಪಾದ್ರಾಬ್ ಹೆದರಿ ತಂಬಿಗೆ ಬಿಟ್ಟುಬಿಟ್ರೆ?"

ಪಾದ್ರಾಬ್ ಎಂದರೆ ನಮ್ಮಲ್ಲಿ ಪಾದ್ರಿಗಳು. ನಾನು ನಗಲಿಲ್ಲ. ಹೊಲಿಗೆ ಇದೆ ಎಂದು ಒಳಗೆ ಹೋದೆ. ಹೊಲಿಯುತ್ತಿದ್ದದ್ದು ಆ ಹನ್ನೆರಡು ಟವೆಲುಗಳ ಅಂಚನ್ನೇ. ಪ್ರತಿ ವರ್ಷ ಕಾಲು ಒರೆಸುವ ಟವೆಲು ಹೊಲಿದು, ಗಂಜಿ ಹಾಕಿ, ಇಸ್ತ್ರಿ ಮಾಡಿ ಕೊಡುತ್ತಿದ್ದವಳು ನಾನು. ಪೀಠದ ಬಟ್ಟೆಯೂ ನನ್ನದೇ ಕೈಯದು. ಅಮ್ಮನನ್ನು ಹಾಸಿಗೆಯಲ್ಲಿ ಮೂರು ವರ್ಷ ನೋಡಿಕೊಂಡವಳೂ ನಾನೇ. ನನ್ನನ್ನು ಯಾರೂ ಯಾವ ಕುರ್ಚಿಗೂ ಕರೆದಿರಲಿಲ್ಲ. ಆರು ತಿಂಗಳು ಕುಡಿಯದೆ ಇದ್ದವನಿಗೆ ಪೀಠದ ಎದುರು ಜಾಗ. ಆಗ ನಾನು ಇದನ್ನು ಹೊಟ್ಟೆಕಿಚ್ಚು ಎಂದು ತಿಳಿಯಲಿಲ್ಲ. ಅವನು ಮತ್ತೆ ಎಲ್ಲರ ಎದುರು ಬಿದ್ದಾನು, ಮನೆಯ ಮರ್ಯಾದೆ ಹೋದೀತು ಎಂಬ ಹೆದರಿಕೆ ಎಂದೇ ನನಗೆ ನಾನು ಹೇಳಿಕೊಂಡೆ.

ಆ ವಾರದ ಸೋಮವಾರ ಗುರ್ಕಾರರು ಸಮಯ ಹೇಳಿ ಹೋಗಲು ಬಂದರು. ತಮ್ಮ ಕೆಲಸದಲ್ಲಿದ್ದ. ಜಗಲಿಯಲ್ಲಿ ನಿಂತುಕೊಂಡೇ, "ಎಲ್ಲ ಸರಿ ಉಂಟಲ್ಲ? ತಮ್ಮ ಹೇಗಿದ್ದಾನೆ?" ಎಂದು ಕೇಳಿದರು. ಸುಮ್ಮನೆ ಕೇಳಿದ್ದು.

ನಾನು ಧ್ವನಿ ತಗ್ಗಿಸಿದೆ. "ಪುನಃ ಶುರು ಮಾಡಿದ್ದಾನೆ. ಒಂದು ವಾರ ಆಯ್ತು. ಬೇರೆ ಯಾರನ್ನಾದ್ರೂ ನೋಡಿ. ನಾನು ಹೇಳಿದೆ ಅಂತ ಮಾತ್ರ ಯಾರ ಹತ್ರವೂ ಹೇಳ್ಬೇಡಿ."

ಅವರು ತಲೆ ತಗ್ಗಿಸಿದರು. "ಛೆ. ಒಳ್ಳೆ ಹುಡುಗ ಆಗಿದ್ದ. ಹಾಗಾದ್ರೆ ಬರ್ಲಿಕ್ಕಿಲ್ಲ ಅಂತ ಅವನಿಗೆ ನೀವೇ ಹೇಳಿ ಬಿಡಿ."

"ಹೇಳ್ತೇನೆ" ಎಂದೆ. ಹೇಳಲಿಲ್ಲ. ಮಂಗಳವಾರ ಹೇಳಲಿಲ್ಲ, ಬುಧವಾರ ಹೇಳಲಿಲ್ಲ. ಗುರುವಾರ ಅವನು ಹೊಸ ಬಿಳಿ ಅಂಗಿ ಹಾಕಿಕೊಂಡು, "ಕಾಲರ್ ಸರಿ ಉಂಟಾ ನೋಡು" ಎಂದು ನನ್ನ ಮುಂದೆ ನಿಂತ. ನಾನು ಕಾಲರ್ ಸರಿ ಮಾಡಿದೆ.

ಇಗರ್ಜಿಯಲ್ಲಿ ನಾನು ಹೆಂಗಸರ ಕಡೆ ನಾಲ್ಕನೆಯ ಸಾಲಿನಲ್ಲಿದ್ದೆ. ಪ್ರಸಂಗ ಮುಗಿದು ಹನ್ನೆರಡು ಜನ ಎದ್ದು ಮುಂದೆ ಹೋಗುವಾಗ ಅವನೂ ಹಿಂದಿನಿಂದ ಎದ್ದು ನಡುದಾರಿಯಲ್ಲಿ ನಡೆದು ಬಂದ. ಕುರ್ಚಿಗಳು ತುಂಬಿದ್ದವು. ನಮ್ಮ ವಾರ್ಡಿನ ಕುರ್ಚಿಯಲ್ಲಿ ಅವನ ಗೆಳೆಯ ಕುಳಿತಿದ್ದ. ಒಬ್ಬರು ಕಡಿಮೆ ಇದ್ದಾರೆ ಬಾ ಎಂದು ಗುರ್ಕಾರರು ಅವನನ್ನು ಸಂಜೆಯಷ್ಟೇ ಕರೆದಿದ್ದರು, ಏಕೆಂದು ಹೇಳಿರಲಿಲ್ಲ. ತಮ್ಮ ಎರಡು ಸಲ ಕುರ್ಚಿ ಎಣಿಸಿದ. ಗುರ್ಕಾರರು ಬಂದು ಅವನ ಭುಜ ಹಿಡಿದು ಬದಿಗೆ ಕರೆದುಕೊಂಡು ಹೋಗಿ ಕಿವಿಯಲ್ಲಿ ಏನೋ ಹೇಳಿದರು. ಅವನು ಅಲ್ಲಿಂದ ಕುರ್ಚಿಯಲ್ಲಿದ್ದ ಗೆಳೆಯನನ್ನು ನೋಡಿದ. ಗೆಳೆಯ ಒಂದು ಚಪ್ಪಲಿ ಬಿಚ್ಚುತ್ತಾ ಅವನಿಗೆ ನಕ್ಕ. ತಮ್ಮ ಪಕ್ಕದ ಬಾಗಿಲಿನಿಂದ ಹೊರಗೆ ಹೋದ.

ಶುಕ್ರವಾರ ಬೆಳಿಗ್ಗೆ ನಾನು ಬಾಗಿಲು ತೆಗೆದಾಗ ಜಗಲಿಯಲ್ಲಿ ಬಿದ್ದಿದ್ದ. ಅಂಗಿ ಕೆಸರಾಗಿತ್ತು, ವಾಸನೆ ಬಾಗಿಲಿನವರೆಗೆ ಬರುತ್ತಿತ್ತು. ನಾನು ಬರೆಯಬೇಕಾದ ಮಾತುಗಳಲ್ಲಿ ಇದು ಎಲ್ಲಕ್ಕಿಂತ ಕಷ್ಟದ್ದು. ಅವನನ್ನು ನೋಡಿದಾಗ ನನಗೆ ಮೊದಲು ಬಂದದ್ದು ದುಃಖವಲ್ಲ, ಸಮಾಧಾನ. ನಾನು ಹೇಳಿದ್ದು ನಿಜವೇ ಆಯಿತಲ್ಲ, ಇನ್ನು ಅದು ಸುಳ್ಳಲ್ಲ ಎಂದು ಅನಿಸಿತು. ಒಳಗೆ ಹೋಗಿ ಗಂಜಿಗೆ ನೀರು ಇಟ್ಟೆ.

ಈಸ್ಟರ್ ಸೋಮವಾರ ಅವನು ಒಂದು ಚೀಲ ಹಿಡಿದು ಪಣಂಬೂರಿಗೆ ಹೋದ. ಅಲ್ಲೇ ಒಂದು ಕೋಣೆ ಮಾಡಿದ. ಒಂದೂವರೆ ವರ್ಷ ಕುಡಿದ, ಆಮೇಲೆ ತಾನಾಗಿಯೇ ಬಿಟ್ಟ. ನನ್ನ ಮೇಲೆ ಅವನಿಗೆ ಸಿಟ್ಟಿರಲಿಲ್ಲ. ಕ್ರಿಸ್ಮಸ್‌ಗೆ, ಅಮ್ಮನ ತಿಥಿಗೆ ಫೋನ್ ಮಾಡುತ್ತಿದ್ದ. ಮನೆಗೆ ಬಾ ಎಂದರೆ "ಆ ಓಣಿಗೆ ನಾನು ಬರುವುದಿಲ್ಲ ಬಾಯ್" ಎನ್ನುತ್ತಿದ್ದ. ಏಕೆಂದು ನಾನು ಕೇಳಲಿಲ್ಲ. ಕೇಳದೆ ಇರುವುದು ನನಗೆ ಅನುಕೂಲವಾಗಿತ್ತು. ಎರಡು ವರ್ಷದ ಹಿಂದೆ ಆ ಗೆಳೆಯ ಲಿವರಿನ ಕಾಯಿಲೆಯಿಂದ ತೀರಿಕೊಂಡಾಗ ನಾನೇ ಫೋನ್ ಮಾಡಿ ತಿಳಿಸಿದೆ. "ಆಯ್ತು" ಎಂದ. ಮಣ್ಣಿಗೆ ಬರಲಿಲ್ಲ.

ಈಸ್ಟರಿಗೆ ಮುಂಚೆ ಕುಮ್ಸಾರ್ ಮಾಡಬೇಕು, ಅಂದರೆ ಪಾದ್ರಿಗಳಲ್ಲಿ ಪಾಪ ಹೇಳಿಕೊಳ್ಳಬೇಕು. ಸಿಟ್ಟು ಮಾಡಿಕೊಂಡವರೊಟ್ಟಿಗೆ ರಾಜಿಯಾಗಿ, ಯಾರಿಗೆ ತಪ್ಪು ಮಾಡಿದ್ದೇವೋ ಅವರಲ್ಲಿ ಕ್ಷಮೆ ಕೇಳಿ, ಆಮೇಲೆ ಪ್ರಸಾದಕ್ಕೆ ಹೋಗಬೇಕು. ನಮ್ಮ ಇಗರ್ಜಿಯ ಪಾದ್ರಿಗಳಿಗೆ ನನ್ನ ಧ್ವನಿ ಗೊತ್ತು, ಅವರ ನಿಲುವಂಗಿಯ ಅಳತೆ ನನಗೆ ಗೊತ್ತು. ಹಾಗಾಗಿ ನಾನು ಬೇರೆ ಬೇರೆ ಇಗರ್ಜಿಗೆ ಹೋಗುತ್ತಿದ್ದೆ. ಮೊದಲ ವರ್ಷ ಬಿಜೈ ಕಡೆಗೆ, ಮರುವರ್ಷ ನದಿಯ ಹತ್ತಿರ, ಇನ್ನೊಂದು ವರ್ಷ ಎರಡು ಬಸ್ಸು ಬದಲಿಸಿ. ಸೊಪ್ಪಿನ ಅಡಿಯಲ್ಲಿ ಮೀನು ಇಟ್ಟು ತಂದ ಹಾಗೆ ಆ ಪಾಪವನ್ನು ಬೇರೆ ಪಾಪಗಳ ಅಡಿಯಲ್ಲಿಟ್ಟು ಹೇಳುತ್ತಿದ್ದೆ. ಜಪ ತಪ್ಪಿಸಿದ್ದೇನೆ, ಗಿರಾಕಿಗೆ ಬೈದಿದ್ದೇನೆ, ಸುಳ್ಳು ಹೇಳಿದ್ದೇನೆ. ಮೂರು ನಮೋ ಮರಿಯಾ ಜಪ ಹೇಳು ಎನ್ನುತ್ತಿದ್ದರು, ಹೇಳುತ್ತಿದ್ದೆ. ಪ್ರತಿ ವರ್ಷ ಸ್ವಲ್ಪ ಹೆಚ್ಚು ಬಿಚ್ಚಿದೆ. ಒಂದು ವರ್ಷ "ಒಬ್ಬರ ಬಗ್ಗೆ" ಎಂದೆ. ಇನ್ನೊಂದು ವರ್ಷ "ಮನೆಯವರ ಬಗ್ಗೆ" ಎಂದೆ. ನಡೆದದ್ದನ್ನೆಲ್ಲ ಹೇಳಿದ್ದು ಹೋದ ವರ್ಷ, ಕೆಮ್ಮುತ್ತಾ ಮಾತಾಡುವ ಒಬ್ಬ ಚಿಕ್ಕ ಪ್ರಾಯದ ಪಾದ್ರಿಗಳಲ್ಲಿ. ಅವರು ಜಪ ಕೊಡಲಿಲ್ಲ. "ತಮ್ಮನಿಗೆ ಹೇಳಿ. ಅದೇ ನಿಮ್ಮ ಪ್ರಾಯಶ್ಚಿತ್ತ" ಎಂದರು. ನಾನು ಹೇಳಲಿಲ್ಲ. ಪ್ರಸಾದ ಮಾತ್ರ ವರ್ಷವಿಡೀ ತೆಗೆದುಕೊಂಡೆ.

ಈ ವರ್ಷ ನಮ್ಮ ವಾರ್ಡಿಗೆ ಹೊಸ ಗುರ್ಕಾರ್, ಒಬ್ಬರು ಟೀಚರಮ್ಮ. ಹಳೆಯವರು ಮಗಳ ಮನೆಗೆ ಬೇರೆ ಊರಿಗೆ ಹೋಗಿದ್ದಾರೆ, ಕೊಟ್ಟ ಮಾತಿನಂತೆ ನನ್ನ ಹೆಸರು ಯಾರಿಗೂ ಹೇಳದೆಯೇ ಹೋದರು. ಈಸ್ಟರಿನ ಹಿಂದಿನ ಆದಿತ್ಯವಾರ ಬರುವ ಗರಿಗಳ ಹಬ್ಬಕ್ಕೆ ಒಂದು ವಾರ ಇರುವಾಗ ಟೀಚರ್ ಬಂದು ನನ್ನ ಮಷಿನಿನ ಮೇಲೆ ಕೈ ಇಟ್ಟರು.

"ಬಾಯ್, ಈ ಸಲ ನಮ್ಮ ವಾರ್ಡಿಂದ ನಿಮ್ಮ ಕಾಲು."

"ನನ್ನದಾ?"

"ಈಗ ಹೆಂಗಸರಿಗೂ ಉಂಟಲ್ಲ. ಇಷ್ಟು ವರ್ಷ ಟವೆಲ್ ಹೊಲಿದಿದ್ದೀರಿ, ಒಂದು ಸಲ ಅದರಲ್ಲಿ ಕಾಲು ಒರೆಸಿಕೊಳ್ಳಿ."

ಬೇಡ ಎನ್ನಲು ಬಾಯಿ ಬರಲಿಲ್ಲ, ಆಗಲಿ ಎನ್ನಲೂ ಬರಲಿಲ್ಲ. ಅವರು ಅದನ್ನೇ ಒಪ್ಪಿಗೆ ಎಂದು ತಿಳಿದು ಹೆಸರು ಬರೆದುಕೊಂಡು ಹೋದರು. ಕತ್ತರಿ ಹಿಡಿದವಳು ಬಹಳ ಹೊತ್ತು ಹಿಡಿದೇ ಇದ್ದೆ. ಆ ಕುರ್ಚಿಯನ್ನು ನಾನು ಒಬ್ಬನಿಂದ ಕಿತ್ತುಕೊಂಡಿದ್ದೆ. ಈಗ ನನ್ನನ್ನೇ ಅದರಲ್ಲಿ ಕುಳಿತುಕೊಳ್ಳಲು ಹೇಳುತ್ತಿದ್ದಾರೆ.

ಗರಿಗಳ ಹಬ್ಬದ ಮರುದಿನ, ಸೋಮವಾರ, ಇನ್ನೂ ದೂರದ ಒಂದು ಇಗರ್ಜಿಗೆ ಹೋದೆ, ಯಾರೂ ಗುರುತಿನವರು ಸಿಗದ ಜಾಗ. ಸಾಲಿನಲ್ಲಿ ನಿಂತು, ನನ್ನ ಸರದಿ ಬಂದಾಗ ಮೊಣಕಾಲೂರಿದೆ. ಜಾಲರಿಯ ಆಚೆಯಿಂದ ಕೆಮ್ಮು ಕೇಳಿತು. ಅದೇ ಕೆಮ್ಮು. ಪಾದ್ರಿಗಳಿಗೆ ವರ್ಗವಾಗುತ್ತದೆ ಎಂಬುದು ಇಷ್ಟು ವರ್ಷ ಇಗರ್ಜಿಯ ಬಟ್ಟೆ ಹೊಲಿದವಳಿಗೆ ಹೊಳೆದಿರಲಿಲ್ಲ. ಎದ್ದು ಹೋಗುವ ಹಾಗಿಲ್ಲ, ಹಿಂದೆ ಇಪ್ಪತ್ತು ಜನ ಇದ್ದರು. ಮೊದಲು ಜಪ ತಪ್ಪಿಸಿದ್ದು ಹೇಳಿದೆ, ಗಿರಾಕಿಗೆ ಬೈದದ್ದು ಹೇಳಿದೆ, ನಿಲ್ಲಿಸಿದೆ.

ಅವರಿಗೆ ನನ್ನ ಧ್ವನಿ ಗುರುತು ಸಿಕ್ಕಿತೋ ಇಲ್ಲವೋ ತಿಳಿಯದು. ಸಿಕ್ಕಿದರೂ ಅವರು ಹೇಳುವ ಹಾಗಿಲ್ಲ. "ಹೋದ ಸಲ ಕೊಟ್ಟ ಪ್ರಾಯಶ್ಚಿತ್ತ ಮಾಡಿದ್ದೀರಾ?" ಎಂದು ಮಾತ್ರ ಕೇಳಿದರು. ಎಂಟು ವರ್ಷದಲ್ಲಿ ಯಾರೂ ಹಾಗೆ ಕೇಳಿರಲಿಲ್ಲ.

"ಇಲ್ಲ ಪಾದ್ರಾಬ್."

"ಯಾಕೆ?"

"ಹೆದರಿಕೆ. ಹೇಳಿದ್ರೆ ಅವನು ನನ್ನನ್ನು ಬಿಟ್ಟು ಹೋದಾನು ಅಂತ."

"ಈಗ ನಿಮ್ಮೊಟ್ಟಿಗೆ ಇದ್ದಾನಾ?"

ನನಗೆ ಅಳು ಬಂತು. ಹಿಂದಿನವರಿಗೆ ಕೇಳಬಾರದೆಂದು ಸೆರಗು ಬಾಯಿಗೆ ಹಿಡಿದುಕೊಂಡೆ. ಆಗ ಅದುವರೆಗೆ ಯಾರಿಗೂ ಹೇಳದ್ದನ್ನು ಹೇಳಿದೆ. ಅದು ಹೆದರಿಕೆಯ ಸುಳ್ಳಾಗಿರಲಿಲ್ಲ ಪಾದ್ರಾಬ್, ಹೊಟ್ಟೆಕಿಚ್ಚಿನ ಸುಳ್ಳಾಗಿತ್ತು ಎಂದೆ. ಅವರು ಪಾಪಕ್ಷಮೆಯ ಮಾತು ಹೇಳಿ, "ಗುರುವಾರದ ಒಳಗೆ ಹೋಗಿ" ಎಂದರು.

ಬುಧವಾರ ಮಧ್ಯಾಹ್ನ ಪಣಂಬೂರಿಗೆ ಹೋದೆ. ಒಂಬತ್ತು ವರ್ಷದಲ್ಲಿ ಅದೇ ಮೊದಲು, ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಲಾರಿಗಳು ಸಾಲಾಗಿ ನಿಂತಿದ್ದವು, ರಸ್ತೆಯ ಬದಿಯ ಎಲೆಗಳ ಮೇಲೆಲ್ಲ ಕೆಂಪು ಧೂಳು. ಅವನು ಒಂದು ಲಾರಿಯ ಮೇಲಿದ್ದ. ಕೂದಲು ಬೆಳ್ಳಗಾಗಿತ್ತು. ನನ್ನನ್ನು ನೋಡಿ ಹಗ್ಗ ಬಿಟ್ಟು ಇಳಿದು ಬಂದ.

"ಎಂತ ಬಾಯ್? ಯಾರಿಗೆ ಎಂತ ಆಯ್ತು?"

"ಯಾರಿಗೂ ಎಂತ ಆಗ್ಲಿಲ್ಲ. ನಿನ್ನ ಹತ್ರ ಮಾತಾಡ್ಲಿಕ್ಕುಂಟು."

ಲಾರಿಯವರು ಚಹಾ ಕುಡಿಯುವ ಗೂಡಂಗಡಿಯ ಬೆಂಚಿನಲ್ಲಿ ಕುಳಿತೆವು. ಅವನು ಎರಡು ಚಹಾ ಹೇಳಿದ, ನನಗೆ ಸಕ್ಕರೆ ಕಡಿಮೆ ಹಾಕಲು ಹೇಳಿದ. ನೆನಪಿಟ್ಟುಕೊಂಡಿದ್ದ. ನಾನು ಚಹಾ ಮುಟ್ಟುವ ಮೊದಲೇ ಹೇಳಿಬಿಟ್ಟೆ. ಆ ವರ್ಷದ ಸೋಮವಾರ ಗುರ್ಕಾರರು ಬಂದದ್ದು, ನಾನು ಹೇಳಿದ್ದು, ಅವನಿಗೆ ತಿಳಿಸಿ ಎಂದರೂ ತಿಳಿಸದೆ ಕಾಲರ್ ಸರಿ ಮಾಡಿದ್ದು, ಶುಕ್ರವಾರ ಬೆಳಿಗ್ಗೆ ನನಗೆ ಸಮಾಧಾನವಾದದ್ದು. ಏಕೆ ಮಾಡಿದೆ ಎಂಬುದನ್ನೂ ಹೇಳಿದೆ.

ಅವನು ಗ್ಲಾಸು ನೋಡುತ್ತಾ ಕುಳಿತಿದ್ದ. "ಗುರ್ಕಾರರಿಗೆ ಹೇಳಿದ್ದು ನೀನಾ?" ಎಂದ. ನಾನು ಹೇಳಿದ್ದೆಲ್ಲ ಅವನಿಗೆ ಕೇಳಿಸಲೇ ಇಲ್ಲವೇನೋ ಎಂಬ ಹಾಗೆ ಇನ್ನೊಂದು ಸಲ ಕೇಳಿದ, "ನೀನಾ?"

"ಹೌದು. ನಾನೇ."

"ನಾನು ಅವನು ಅಂತ ತಿಳ್ಕೊಂಡೆ."

ಯಾರು ಎಂದು ನಾನು ಕೇಳಬೇಕಾಗಿರಲಿಲ್ಲ.

"ಕುರ್ಚಿಯಲ್ಲಿ ಅವನು ಕೂತಿದ್ದ ಅಲ್ವಾ. ನನ್ನನ್ನು ನೋಡಿ ನಕ್ಕದ್ದು ಬೇರೆ. ನನ್ನ ಕುಡಿತದ ಬಗ್ಗೆ ಅವನು ಹೇಳಿದ್ರೆ ಗುರ್ಕಾರರು ನಂಬ್ತಾರಲ್ಲ. ಆ ಜಾಗಕ್ಕೋಸ್ಕರ ಹೇಳಿದ್ದಾನೆ ಅಂತ..." ಅವನು ನಿಲ್ಲಿಸಿದ. "ಆಸ್ಪತ್ರೆಯಿಂದ ಎರಡು ಸಲ ಫೋನ್ ಮಾಡಿದ ಬಾಯ್. ನಾನು ತೆಗೀಲಿಲ್ಲ. ಅವನ ಮಣ್ಣಿಗೆ ಸಹ ಬರ್ಲಿಲ್ಲ."

ಇದು ನನಗೆ ಗೊತ್ತಿರಲಿಲ್ಲ ಎಂದು ಬರೆಯಬಹುದು. ಗೊತ್ತಿರದ ಹಾಗೆ ಇದ್ದೆ ಎಂದು ಬರೆಯುವುದು ಹೆಚ್ಚು ಸರಿ. ನಾನು ಅವನ ಕೈ ಹಿಡಿಯಲು ಹೋದೆ. ಅವನು ಕೈ ತೆಗೆದುಕೊಂಡ, ಜೋರಾಗಿ ಅಲ್ಲ, ಬಿಸಿ ಪಾತ್ರೆಯಿಂದ ತೆಗೆಯುವ ಹಾಗೆ. ಅಷ್ಟರಲ್ಲಿ ಒಂದು ಲಾರಿಯ ಡ್ರೈವರ್ ಹಾರ್ನ್ ಹೊಡೆದು "ಓ ಮಾರಾಯ, ಟರ್ಪಾಲು ಅರ್ಧ ಆಗಿದೆ!" ಎಂದು ಕೂಗಿದ. ಅವನು ಎದ್ದು ಹೋದ. ಬರುತ್ತಾನೆಂದು ನಾನು ಅಲ್ಲೇ ಕುಳಿತೆ. ಒಂದು ಗಂಟೆಯ ಮೇಲಾಯಿತು. ಅಂಗಡಿಯವರೇ ಬಂದು, "ಅವರು ಆಚೆ ಗೇಟಿನಿಂದ ಹೋದ್ರಲ್ಲ, ನೀವು ಯಾರಿಗೆ ಕಾಯುವುದು?" ಎಂದರು.

ಅದೇ ಸಂಜೆ ಟೀಚರ ಮನೆಗೆ ಹೋದೆ. ಕಾರಣ ಹೇಳದೆ ತಪ್ಪಿಸಿಕೊಳ್ಳುವುದು ಬೇಡವೆಂದು ಕಾರಣವನ್ನೇ ಹೇಳಿದೆ. ಅವರು ಕಣ್ಣು ಕೆಳಗೆ ಹಾಕಿ ಕೇಳಿದರು. ಆಮೇಲೆ, "ಪಾಪಕ್ಷಮೆ ಆಗಿದೆಯಲ್ಲ, ಬನ್ನಿ ಕುಳಿತುಕೊಳ್ಳಿ. ನಾಳೆ ಒಳಗೆ ನಾನು ಯಾರನ್ನು ಹುಡುಕುವುದು?" ಎಂದರು. ಆಗುವುದಿಲ್ಲ ಎಂದೆ. ಮರುದಿನ ಆ ಕುರ್ಚಿಯಲ್ಲಿ ಅವರ ಗಂಡ ಕುಳಿತಿದ್ದರು. ಸಾಕ್ಸ್ ಬಿಚ್ಚಲು ಮರೆತು, ಪಾದ್ರಿಗಳು ತಂಬಿಗೆ ಹಿಡಿದು ಎದುರು ಬಂದಾಗ ಗಡಿಬಿಡಿಯಲ್ಲಿ ಎಳೆದರು. ಮಕ್ಕಳೆಲ್ಲ ನಕ್ಕರು. ನಾನು ಅದೇ ನಾಲ್ಕನೆಯ ಸಾಲಿನಲ್ಲಿದ್ದೆ.

ಶನಿವಾರ ಸಂಜೆಯ ಜಾಗರಣೆಯ ಪೂಜೆಯಲ್ಲಿ ದೀಪವೆಲ್ಲ ಆರಿಸುತ್ತಾರೆ. ಹೊಸ ಬೆಂಕಿಯಿಂದ ದೊಡ್ಡ ಮೇಣದಬತ್ತಿ ಹೊತ್ತಿಸಿ, ಅದರಿಂದ ಒಬ್ಬರು, ಅವರ ಬತ್ತಿಯಿಂದ ಇನ್ನೊಬ್ಬರು ಹೊತ್ತಿಸಿಕೊಳ್ಳಬೇಕು. ನಾನು ಹಿಂದೆ ಒಬ್ಬಳೇ ನಿಂತಿದ್ದೆ. ಎಲ್ಲರೂ ಜೋಡಿಯಾಗಿ, ಮಕ್ಕಳನ್ನು ಹಿಡಿದು ನಿಂತಿದ್ದರು. ನನ್ನ ಮುಂದಿದ್ದ ಹೆಂಗಸು ತಿರುಗಿ, ಗಾಳಿಗೆ ಕೈ ಅಡ್ಡ ಹಿಡಿದು, ನನ್ನ ಬತ್ತಿಗೆ ಬೆಂಕಿ ಕೊಟ್ಟಳು. ತೀರಿಕೊಂಡ ಗೆಳೆಯನ ಹೆಂಡತಿ. "ಮೇಣ ಕೈ ಮೇಲೆ ಬೀಳ್ತದೆ, ಜಾಗ್ರತೆ" ಎಂದಳು.

ಆ ಪೂಜೆಯಲ್ಲಿ ಓದುವ ಕಥೆ ನಮಗೆಲ್ಲ ಬಾಯಿಪಾಠ. ಹೆಂಗಸರು ಬೆಳಗಾಗುವ ಮೊದಲು ಪರಿಮಳದ ಎಣ್ಣೆ ಹಿಡಿದುಕೊಂಡು ಸಮಾಧಿಗೆ ಹೋಗುತ್ತಾರೆ. ಬಾಗಿಲಿಗೆ ಇಟ್ಟ ಕಲ್ಲನ್ನು ಯಾರು ಉರುಳಿಸುತ್ತಾರೆಂದು ದಾರಿಯಲ್ಲಿ ಮಾತಾಡಿಕೊಳ್ಳುತ್ತಾರೆ. ಇಷ್ಟು ವರ್ಷ ನಾನು ಕೇಳಿದ್ದು ಮುಂದಿನ ಭಾಗ ಮಾತ್ರ, ಕಲ್ಲು ಸರಿದದ್ದು, ದೇವದೂತರು ಕುಳಿತದ್ದು. ಈ ವರ್ಷ ಅವರು ಹೊರಟದ್ದು ಕೇಳಿಸಿತು. ಕಲ್ಲಿಗೆ ಏನು ಮಾಡಬೇಕೆಂದು ತಿಳಿಯದೆಯೇ ಅವರು ಮನೆಯಿಂದ ಹೊರಟಿದ್ದರು.

ಆದಿತ್ಯವಾರ ಬೆಳಿಗ್ಗೆ ಸಾನ್ನ ಬೇಯಿಸಿದೆ. ಒಬ್ಬಳಿಗೆ ಎಷ್ಟು ಬೇಕೆಂದು ಒಂಬತ್ತು ವರ್ಷವಾದರೂ ನನ್ನ ಕೈಗೆ ತಿಳಿದಿಲ್ಲ. ಅರ್ಧವನ್ನು ತಟ್ಟೆಯಲ್ಲಿಟ್ಟು ಬಟ್ಟೆ ಮುಚ್ಚಿ ಓಣಿಯ ಕೊನೆಯ ಮನೆಗೆ, ಆ ಗೆಳೆಯನ ಹೆಂಡತಿಯ ಹತ್ತಿರ, ಹೋದೆ. ಅವಳ ಮಗಳು ಟಿವಿ ನೋಡುತ್ತಿದ್ದಳು. ನಾನು ಅಡುಗೆಮನೆಯಲ್ಲಿ ನಿಂತು ಹೇಳಿದೆ, ಪಣಂಬೂರಿನಲ್ಲಿ ತಮ್ಮ ಹೇಳಿದ್ದನ್ನೂ ಸೇರಿಸಿ. ಅವಳು ಪಾತ್ರೆಯಲ್ಲಿದ್ದ ಮಾಂಸವನ್ನು ಸೌಟಿನಿಂದ ತಿರುಗಿಸುತ್ತಲೇ ಇದ್ದಳು. ತಳ ಹಿಡಿಯುವ ವಾಸನೆ ಬಂದಾಗ ಒಲೆ ಆರಿಸಿದಳು.

"ಅವರು ಕೊನೆಗೆ ಸಹ ಕೇಳ್ತಾ ಇದ್ರು, ನಾನು ಅವನಿಗೆ ಎಂತ ಮಾಡಿದ್ದೇನೆ ಅಂತ" ಎಂದಳು. "ನನಗೆ ಗೊತ್ತಿರ್ಲಿಲ್ಲ. ನಿಮಗೆ ಗೊತ್ತಿತ್ತು."

"ಹೌದು."

"ನೀವು ಆಸ್ಪತ್ರೆಗೆ ನೋಡ್ಲಿಕ್ಕೆ ಬಂದಿದ್ರಿ. ಕಿತ್ತಳೆ ತಂದಿದ್ರಿ."

"ಹೌದು."

ಅವಳು ಬೈಯಲಿಲ್ಲ. ಬೈದರೆ ನಿಲ್ಲಲು ಒಂದು ಜಾಗ ಸಿಗುತ್ತಿತ್ತು. "ತಟ್ಟೆ ಅಲ್ಲಿ ಇಡಿ" ಎಂದಳು. ನಾನು ಬಾಗಿಲು ದಾಟುವಾಗ, "ಅವನಿಗೆ ಬರ್ಲಿಕ್ಕೆ ಹೇಳಿ. ನನಗೆ ಅವನೊಟ್ಟಿಗೆ ಮಾತಾಡ್ಲಿಕ್ಕುಂಟು. ನಿಮ್ಮೊಟ್ಟಿಗೆ ಈಗ ಇಲ್ಲ" ಎಂದಳು.

ಮನೆಗೆ ಬಂದು ಫೋನ್ ಮಾಡಿದೆ. ತಮ್ಮ ತೆಗೆಯಲಿಲ್ಲ. ಎರಡು ಸಲ ಮಾಡಿದೆ, ಮೂರನೆಯದು ಮಾಡಲು ನಾಚಿಕೆಯಾಯಿತು. ಮೊಬೈಲಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಬರೆದೆ. ಅವನ ಹೆಂಡತಿ ನಿನ್ನನ್ನು ಕರೆದಿದ್ದಾಳೆ, ನನಗಾಗಿ ಬರುವುದು ಬೇಡ, ಅವಳಿಗಾಗಿ ಬಾ. ಕಳುಹಿಸಿ, ಹಂದಿ ಮಾಂಸದ ಎದುರು ಕುಳಿತು, ತಿನ್ನಲಾಗದೆ ಎತ್ತಿಟ್ಟೆ. ಹೊರಗೆ ಯಾರದೋ ಮನೆಯಲ್ಲಿ ಜನ ಸೇರಿ ಹಾಡುತ್ತಿದ್ದರು.

ಒಂದು ವಾರ ಏನೂ ಇಲ್ಲ. ಮುಂದಿನ ಆದಿತ್ಯವಾರ ಪೂಜೆ ಮುಗಿಸಿ ಬಂದು ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದೆ. ಹತ್ತೂವರೆಯ ಹೊತ್ತು. ಓಣಿಯಲ್ಲಿ ಅವನು ಬಂದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ. ನಮ್ಮ ಗೇಟಿನ ಹತ್ತಿರ ಬಂದಾಗ ನಾನು ಎದ್ದು ನಿಂತೆ, ಮಡಿಲಿನ ಅಕ್ಕಿ ನೆಲಕ್ಕೆ ಚೆಲ್ಲಿತು. ಅವನು ನಡಿಗೆ ನಿಧಾನ ಮಾಡಲಿಲ್ಲ, ಜೋರೂ ಮಾಡಲಿಲ್ಲ. ದಾಟಿ ಹೋದ.

ಕೊನೆಯ ಮನೆಯಲ್ಲಿ ಬಹಳ ಹೊತ್ತು ಇದ್ದ. ನಾನು ಚೆಲ್ಲಿದ ಅಕ್ಕಿ ಹೆಕ್ಕಿ ಮುಗಿಸಿದರೂ ಬರಲಿಲ್ಲ. ಹನ್ನೆರಡರ ಗಂಟೆಯ ಹೊತ್ತಿಗೆ ಮೂವರೂ ಹೊರಗೆ ಬಂದರು, ಅವನು, ಅವಳು, ಮಗಳು. ಮಗಳ ಕೈಯಲ್ಲಿ ಅವನು ತಂದ ಚೀಲವಿತ್ತು, ಅದರಿಂದ ಮೇಣದಬತ್ತಿಗಳ ತುದಿ ಕಾಣುತ್ತಿತ್ತು. ಇಗರ್ಜಿಯ ಹಿಂದಿನ ಸಮಾಧಿಗಳ ಕಡೆಗೆ ಹೋದರು. ಹೋಗುವಾಗ ಅವನು ಅವಳಿಗೆ ಏನೋ ಹೇಳುತ್ತಿದ್ದ, ಅವಳು ಹೂಂಗುಟ್ಟುತ್ತಿದ್ದಳು. ಅವನು ಅಳುತ್ತಿದ್ದನೋ ಬೆವರು ಒರೆಸಿಕೊಳ್ಳುತ್ತಿದ್ದನೋ ನನಗೆ ಇಲ್ಲಿಂದ ಗೊತ್ತಾಗಲಿಲ್ಲ. ನಾನು ಹಿಂದೆ ಹೋಗಲಿಲ್ಲ. ಆ ಮೂವರ ನಡುವೆ ನಿಲ್ಲಲು ನನಗೆ ಜಾಗವಿರಲಿಲ್ಲ, ಆ ದಿನ.

ಅವನು ಅಲ್ಲಿಂದಲೇ ಬಸ್ಸು ಹತ್ತಿ ಹೋದನೆಂದು ಆಮೇಲೆ ತಿಳಿಯಿತು. ನನಗೆ ಫೋನ್ ಮಾಡಿಲ್ಲ. ಆದರೆ ಒಂಬತ್ತು ವರ್ಷದ ಮೇಲೆ ಅವನು ನಮ್ಮ ಓಣಿಯಲ್ಲಿ ನಡೆದ. ಅದನ್ನು ನಾನು ಕಣ್ಣಾರೆ ನೋಡಿದ್ದೇನೆ. ಈಸ್ಟರ್ ಒಂದು ದಿನದ್ದಲ್ಲ, ಐವತ್ತು ದಿನದ ಕಾಲ ಎಂದು ಪಾದ್ರಿಗಳು ಪ್ರಸಂಗದಲ್ಲಿ ಹೇಳುತ್ತಾರೆ. ಈಗ ಹದಿನೇಳು ಕಳೆದಿವೆ.